ಹಿಮದ ಹಲಗೆ ಮಾರಿದ ಸಾಯ್ಬ್ರು

ನಾನು ಶಾಲೆ ಬಿಟ್ಟದ್ದು 1997ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಈ ಮಾತನ್ನು ನನ್ನ ಬಾಯಿಂದ ಹೊರಡಿಸಿದವರು ದುಬೈಯ ರಾಸ್ ಅಲ್ ಖೋರ್‌ನ ಗಾಡಿ ಸಾಮಾನಿನ ಬೀದಿಯ ಒಬ್ಬ ಅಂಗಡಿಯವರು, ಅದೂ ನಾನು ಒಂದು ವಿಂಚ್ ಕೊಡಿ ಎಂದು ಕೇಳಿದ್ದಕ್ಕೆ. ವಿಂಚ್ ಎಂದರೆ ಗಾಡಿಯ ಮೂತಿಗೆ ಕಟ್ಟುವ, ಬ್ಯಾಟರಿಯ ಬಲದಿಂದ ತಿರುಗಿ ವೈರು ಸುತ್ತಿಕೊಳ್ಳುವ ಎಳೆಯಂತ್ರ. ಆ ಬೀದಿಯ ಯಾವ ಅಂಗಡಿಯವನಾದರೂ ಕೇಳಿದ ಕೂಡಲೇ ಪೆಟ್ಟಿಗೆ ಇಳಿಸಿ ಬಿಲ್ ಹರಿಯುತ್ತಿದ್ದ. ಭಟ್ಕಳದ ಮುಸ್ತಫಾ ಸಾಯ್ಬ್ರು ಮಾತ್ರ ಒಂದು ಸ್ಟೂಲು ಎಳೆದು ಹಾಕಿ, ಸುಲೈಮಾನಿ ಚಾ ತರಿಸಿ, ಹೆಣ್ಣು ನೋಡಲು ಬಂದ ಗಂಡನ್ನು ಕೇಳುವ ಹಾಗೆ ಕೇಳತೊಡಗಿದರು.

"ಯಾವ ಊರು?"

"ಗಂಗೊಳ್ಳಿ."

"ಎಷ್ಟು ಓದಿದ್ದೀ?"

"ಅದೆಲ್ಲ ಎಂತಕೆ ಸಾಯ್ಬ್ರೆ? ನಂಗೆ ಬೇಕಾದ್ದ್ ವಿಂಚ್."

"ನಿನಗೆ ಬೇಕಾದ್ದು ನಿನಗೆ ಗೊತ್ತು. ನಾನು ಯಾರಿಗೆ ಕೊಡ್ತಾ ಇದ್ದೇನೆ ಅಂತ ನನಗೆ ಗೊತ್ತಾಗ್ಬೇಕಲ್ಲ."

ಹೇಳಿದೆ. ಓದು ಬಿಟ್ಟ ವರ್ಷದಿಂದಲೇ ಬೋಟಿಗೆ ಹೋದದ್ದು, ಬಲೆ ಎಳೆಯುವ ವಿಂಚಿನ ಪಕ್ಕದಲ್ಲೇ ಮೀಸೆ ಬಂದದ್ದು, ಆಮೇಲೆ ದುಬೈಗೆ ಬಂದು ಮರಳಿನ ಮೇಲೆ ಓಡುವ ನಾಲ್ಕು ಚಕ್ರದ ಕ್ವಾಡ್ ಬೈಕ್ ಬಾಡಿಗೆಗೆ ಕೊಡುವವರ ಹತ್ತಿರ ರಿಪೇರಿ ಕಲಿತದ್ದು. ವಿಂಚಿನ ವಿಷಯ ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದೂ ಸೇರಿಸಿದೆ. ಸಾಯ್ಬ್ರು ತಲೆಯಾಡಿಸಿದರು. ಬೇರೆಯವರು ಪೆನ್ನು ಇಡುವ ಕಿಸೆಯಲ್ಲಿ ಅವರು ಒಂದು ಸಣ್ಣ ಇಕ್ಕಳ ಇಡುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಯವರೆಗೂ ಗುಂಡಿ, ಮೈಯಿಂದ ಅತ್ತರಿನ ಪರಿಮಳ, ಕಿಸೆಯಲ್ಲಿ ಗ್ರೀಸು ಮೆತ್ತಿದ ಇಕ್ಕಳ. ಆ ಇಕ್ಕಳವನ್ನು ತೆಗೆದು ಮೇಜಿನ ಮೇಲಿಟ್ಟರೆ ಮಾತು ವ್ಯಾಪಾರಕ್ಕೆ ಬಂತು ಎಂದು ಅರ್ಥ. ಅವತ್ತು ತೆಗೆಯಲೇ ಇಲ್ಲ.

ನನಗೆ ಅವಸರವಿತ್ತು. ಲಹಬಾಬ್ ಕಡೆಯ ಮರಳುಗಾಡಿನಲ್ಲಿ ಒಬ್ಬ ಅರಬಾಬ್, ಎಂದರೆ ನಮ್ಮ ಅರಬ್ ಧಣಿ, ಪ್ರವಾಸಿಗಳಿಗಾಗಿ ಡೇರೆಗಳ ಒಂದು ಕ್ಯಾಂಪ್ ನಡೆಸುತ್ತಿದ್ದರು. ಡಾಂಬರು ರಸ್ತೆಯಿಂದ ಕ್ಯಾಂಪಿಗೆ ಹೋಗುವ ಮಣ್ಣುದಾರಿಗೆ ಗಾಳಿ ಬೀಸಿದಾಗಲೆಲ್ಲ ಮರಳು ಬಂದು ಕೂರುತ್ತಿತ್ತು. ಪ್ರತಿ ಸಲವೂ ದೊಡ್ಡ ಲೋಡರ್ ತರಿಸಿದರೆ ಅದು ಮರಳಿನ ಜೊತೆಗೆ ನೀರಿನ ಪೈಪನ್ನೂ ಎತ್ತಿಕೊಂಡು ಹೋಗುತ್ತಿತ್ತು. ನಾನು ಬಾಡಿಗೆ ಅಂಗಡಿ ಬಿಟ್ಟು, ನನ್ನದೇ ಒಂದು ಹಳೆಯ ಕ್ವಾಡ್ ಇಟ್ಟುಕೊಂಡು, ಆ ದಾರಿಯನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡಿದ್ದೆ. ವೀಸಾ ಅರಬಾಬರ ವ್ಯಾಪಾರದ ಲೈಸೆನ್ಸಿನ ಮೇಲೆ. ಅವರ ಷರತ್ತು ಚಿಕ್ಕದು: ಅತಿಥಿಗಳ ಒಂದು ಗಾಡಿ ಹೂತರೂ ಖಲಾಸ್. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮತ್ತೆ ಬೋಟು. ಬೋಟು ಕೀಳು ಎಂದಲ್ಲ. ಆದರೆ ನನ್ನದು ಎಂದು ಒಂದು ಕೆಲಸ ಹಿಡಿದವನು ಇನ್ನೊಬ್ಬರ ಬೋಟಿಗೆ ಹತ್ತುವುದು ಕಷ್ಟ.

ಇಡೀ ಬೀದಿಯಲ್ಲಿ ನಾನು ಸಾಯ್ಬ್ರ ಅಂಗಡಿಗೇ ಹೋಗಲು ಕಾರಣ ಅಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಹಳದಿ ಹಲಗೆಗಳು. ಚಳಿದೇಶಗಳಲ್ಲಿ ಮನೆಯೆದುರಿನ ಹಿಮ ತಳ್ಳಲು ಕ್ವಾಡ್ ಬೈಕಿನ ಮುಂದೆ ಕಟ್ಟುವ ಬಾಗಿದ ಕಬ್ಬಿಣದ ಹಲಗೆ ಅದು. ಸ್ನೋ ಪ್ಲೋ ಎನ್ನುತ್ತಾರೆ. ವಿಂಚಿನ ವೈರಿಗೆ ನೇತುಹಾಕಿ ಅದನ್ನು ಎತ್ತುವುದು, ಇಳಿಸುವುದು. ಸಾಯ್ಬ್ರು ಹರಾಜಿನಲ್ಲಿ ಒಂದು ಕಂಟೇನರನ್ನು ಬಾಗಿಲು ತೆರೆಯದೆ ಲಾಟಿನಲ್ಲಿ ಹಿಡಿದಿದ್ದರು. ಒಳಗೆ ಟೈರು ಇರುತ್ತದೆಂದು ಅವರ ಲೆಕ್ಕ. ಇದ್ದದ್ದು ಹಿಮದ ಹಲಗೆ. ನೆರೆಯ ಅಂಗಡಿಯ ಮಲಯಾಳಿ ದಿನಾ ಬೆಳಿಗ್ಗೆ ಬಂದು, "ಭಾಯ್, ಇವತ್ತು ಹಿಮ ಬೀಳುತ್ತದಾ?" ಎಂದು ಕೇಳಿ ಹೋಗುತ್ತಿದ್ದನಂತೆ. ಸಾಯ್ಬ್ರು ಆಕಾಶ ನೋಡಿ, "ಸಂಜೆ ಅಸರಿನ ನಮಾಜ್ ಆದ ಮೇಲೆ ಬಿದ್ದೀತು" ಎನ್ನುತ್ತಿದ್ದರಂತೆ.

ಮರುದಿನ ಕ್ವಾಡನ್ನು ಪಿಕಪ್ಪಿಗೆ ಹಾಕಿ ತಂದೆ. ಅದನ್ನು ಎರಡು ದಿನ ಅಂಗಡಿಯಲ್ಲೇ ಬಿಡಬೇಕೆಂದರು.

"ನಮ್ಮ ಭಟ್ಕಳದಲ್ಲಿ ಮದುವೆ ಆದ ಮೇಲೆ ಅಳಿಯನೇ ಮಾವನ ಮನೆಗೆ ಬಂದು ಇರೋದು, ಗೊತ್ತುಂಟಾ? ಅವನು ಹೇಗೆ ಉಣ್ತಾನೆ, ಎಂತಕ್ಕೆ ಸಿಟ್ಟು ಮಾಡ್ತಾನೆ, ಎಲ್ಲ ನಾವು ನೋಡ್ತೇವೆ. ನಿನ್ನ ಗಾಡಿಯೂ ಇರ್ಲಿ. ನೀನೂ ಬಾ, ಊಟ ಇಲ್ಲೇ."

ಆ ಎರಡು ದಿನ ನಾವು ಜಗಳವಾಡಿದ್ದೇ ಆಡಿದ್ದು. ನನಗೆ ಐದಡಿಯ ಹಲಗೆ ಬೇಕು. ಅವರಿಗೆ ನಾಲ್ಕಡಿ ಸಾಕು.

"ಹಿಮ ಅಂದ್ರೆ ಹತ್ತಿ, ಶೀನಾ. ಮರಳು ಅಂದ್ರೆ ಅಕ್ಕಿಮೂಟೆ. ಐದಡಿ ಅಗಲ ತಳ್ಳಲಿಕ್ಕೆ ನಿನ್ನ ಈ ಆಡುಮರಿಗೆ ತಾಕತ್ತು ಎಲ್ಲಿಂದ?"

"ನಾಲ್ಕಡಿ ಹಲಗಿ ಓರೆ ಮಾಡಿದ್ರೆ ಎರಡ್ ಚಕ್ರದ ಅಗಲಕ್ಕಿಂತ ಸಣ್ಣ ಆತ್ತ್. ಬದಿಗೆ ಹಾಕಿದ ಹೊಯ್ಗೆ ಮೇಲೇ ಚಕ್ರ ಹತ್ತಿತ್ತ್, ಕಾಣಿ."

ಹೊಯ್ಗೆ ಎಂದರೆ ನಮ್ಮ ಕಡೆ ಮರಳು. ಅವರು ಟೇಪು ತಂದು ನೆಲಕ್ಕೆ ಕುಳಿತು ಅಳೆದರು. ಹಲಗೆಯನ್ನು ಓರೆ ಮಾಡಿ ಮತ್ತೆ ಅಳೆದರು. ಎದ್ದು ಅಂಗಿ ಕೊಡವಿ, "ನಾಲ್ಕೂವರೆ" ಎಂದರು. ಸೋತೆ ಎಂದು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನೊಂದು ಜಗಳ ವೈರಿನದು. ನನಗೆ ನೈಲಾನಿನಂಥ ಹಗ್ಗದ ವಿಂಚೇ ಬೇಕಿತ್ತು. ಬೋಟಿನಲ್ಲಿ ಒಮ್ಮೆ ಕಬ್ಬಿಣದ ವೈರು ಕಡಿದು ಹಿಂದಕ್ಕೆ ಚಿಮ್ಮಿ ನಮ್ಮ ನಾರಾಯಣಣ್ಣನ ಭುಜ ಸೀಳಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಆಮೇಲೆ ಆ ಕೈ ಮೇಲೇಳಲಿಲ್ಲ. ಸಾಯ್ಬ್ರು ಕಥೆ ಪೂರ್ತಿ ಕೇಳಿದರು. ಕೇಳಿ, ಒಳಗಿನಿಂದ ಒಂದು ಹಳೆಯ ಹಗ್ಗ ತಂದು ನನ್ನ ಎದುರಿಗೇ ಅದರ ಎಳೆ ಬಿಡಿಸಿದರು. ಒಳಗೆಲ್ಲ ಸಣ್ಣ ಮರಳು.

"ಇದು ಒಳಗೆ ಕೂತು ಗರಗಸದ ಹಾಗೆ ಕೊಯ್ತದೆ. ಮೇಲಿಂದ ನೋಡಿದ್ರೆ ಹೊಸ ಹಗ್ಗ. ನಿನ್ನ ಹೆದರಿಕೆ ಸರಿ, ನನ್ನ ಮಾತೂ ಸರಿ. ಈಗ ಎಂತ ಮಾಡುವಾ?"

ಕಡೆಗೆ ಇಬ್ಬರೂ ಕೂಡಿ ಒಂದು ದಾರಿ ಮಾಡಿದೆವು. ವಿಂಚಿಗೆ ವೈರೇ ಇರಲಿ, ಆದರೆ ಹಲಗೆ ಎತ್ತಿಳಿಸುವುದಕ್ಕೆ ತುದಿಯಲ್ಲಿ ಗಿಡ್ಡದೊಂದು ನೈಲಾನ್ ಪಟ್ಟಿ. ಸವೆದರೆ ಪಟ್ಟಿ ಮಾತ್ರ ಬದಲಿಸಿದರಾಯಿತು. ಗಾಡಿ ಹೂತು ವೈರು ಬಿಗಿದು ಎಳೆಯಬೇಕಾದಾಗ ಅದರ ಮೇಲೆ ಒದ್ದೆ ಗೋಣಿ ಹೊದಿಸುವುದು. ಕಡಿದರೂ ಗೋಣಿಯ ಭಾರಕ್ಕೆ ನೆಲಕ್ಕೆ ಬೀಳುತ್ತದೆ. ಗೋಣಿಯ ಮಾತು ನನ್ನದು. ಆಗ ಸಾಯ್ಬ್ರು ಇಕ್ಕಳವನ್ನು ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟರು.

ಹೊರಡುವಾಗ ಕೇಳಿದರು: "ಗಾಡಿ ಹೂತರೆ ವಿಂಚಿನ ಕೊಕ್ಕೆ ಯಾವುದಕ್ಕೆ ಹಾಕ್ತೀ? ಹಿಮದ ದೇಶದಲ್ಲಿ ಮರ ಉಂಟು. ನಿನಗೆ ಅಲ್ಲಿ ಎಂತ ಉಂಟು?"

"ಸ್ಟೆಪ್ನಿ ಟೈರ್ ಹೊಯ್ಗೆಯಲ್ಲಿ ಹುಗಿತೆ. ಊರಲ್ಲಿ ಮಳೆಗಾಲಕ್ಕೆ ದೋಣಿ ಮೇಲೆ ಎಳೂಕೆ ದಿಮ್ಮಿ ಹುಗುದಿಲ್ಯಾ, ಹಾಂಗೆ."

"ಎದ್ದು ಬರ್ತದೆ."

"ಬತ್ತಿಲ್ಲೆ."

ಚಳಿಗಾಲದ ಪ್ರವಾಸಿಗಳು ಬರತೊಡಗುವ ವಾರದಲ್ಲೇ ಗಾಳಿ ಬಂತು. ಬೆಳಿಗ್ಗೆ ನೋಡಿದರೆ ದಾರಿಯೇ ಇಲ್ಲ. ಸಂಜೆಗೆ ಅತಿಥಿಗಳ ಗಾಡಿಗಳು ಸಾಲಾಗಿ ಬರುವುದಿತ್ತು. ಹಲಗೆ ಇಳಿಸಿ ತಳ್ಳಿದೆ. ಎರಡು ಮಾರು ಹೋಗುವಷ್ಟರಲ್ಲಿ ಹಲಗೆ ತಾನಾಗಿಯೇ ಮುಂದಕ್ಕೆ ಮಗುಚಿತು. ಹಿಮದಡಿ ಕಲ್ಲು ಸಿಕ್ಕರೆ ಮುರಿಯದಿರಲಿ ಎಂದು ಅದಕ್ಕೆ ಸ್ಪ್ರಿಂಗ್ ಕೊಟ್ಟಿರುತ್ತಾರೆ. ಅದು ಮರಳಿನ ಭಾರವನ್ನೇ ಕಲ್ಲು ಎಂದುಕೊಂಡಿತು. ಸ್ಪ್ರಿಂಗ್ ಬಿಗಿ ಮಾಡಿದೆ. ಈಗ ಹಲಗೆ ನಿಂತಿತು, ಗಾಡಿಯೇ ಹೂತಿತು. ಚಕ್ರ ಅರ್ಧಕ್ಕೆ ಇಳಿದಾಗ ಸಾಯ್ಬ್ರಿಗೆ ಫೋನ್ ಮಾಡಿದೆ. ಎಂತ ಏನು ಎಂದು ಕೇಳಲಿಲ್ಲ. "ಊಟ ಆಗಿದೆಯಾ?" ಎಂದು ಕೇಳಿ ಫೋನ್ ಇಟ್ಟರು.

ಮಧ್ಯಾಹ್ನಕ್ಕೆ ಬಂದರು, ಅದೇ ಬಿಳಿ ಅಂಗಿ, ಕೈಯಲ್ಲಿ ಟಿಫಿನ್ ಕ್ಯಾರಿಯರ್. ಡಾಂಬರಿನ ಹತ್ತಿರ ಗಾಡಿ ನಿಲ್ಲಿಸಿ ಆ ಬಿಸಿಲಿನಲ್ಲಿ ನಡೆದೇ ಬಂದಿದ್ದರು. ಹಲಗೆಯ ಕೆಳಗೆ ಬಗ್ಗಿ ನೋಡಿ ಹೇಳಿದರು:

"ತಪ್ಪು ನನ್ನದು ಶೀನಾ. ಪುಸ್ತಕದಲ್ಲಿ ಇದ್ದ ಹಾಗೆ ನೆಲಕ್ಕೆ ತಾಗಿಸಿ ಕಟ್ಟಿಕೊಟ್ಟೆ. ಅದು ಹಿಮಕ್ಕೆ. ಇದನ್ನು ಬುಡದಿಂದ ತಳ್ಳಲಿಕ್ಕೆ ಆಗ್ತದಾ? ಹಲ್ವಾ ಕೊಯ್ದ ಹಾಗೆ ಮೇಲಿಂದ ಪದರ ಪದರ ತೆಗೀಬೇಕು. ವಿಂಚ್ ಇರೋದೇ ಅದಕ್ಕೆ. ಮೊದಲು ಇದನ್ನು ಹೊರಗೆ ತೆಗಿ."

ಟೈರು ಹುಗಿಯಲು ಗುಂಡಿ ತೋಡಿದೆ. ಅವರೂ ಮೊಣಕಾಲೂರಿ ಕೈಯಿಂದಲೇ ಮರಳು ಎಳೆದರು. ಟೈರಿಗೆ ಕೊಕ್ಕೆ ಹಾಕಿ ಮುಚ್ಚಿದ ಮೇಲೆ, ನಾನು ಗೋಣಿ ಒದ್ದೆ ಮಾಡಿ ತರುವಷ್ಟರಲ್ಲಿ, ಆ ಮುಚ್ಚಿದ ಜಾಗದ ಮೇಲೇ ಹೋಗಿ ನಿಂತಿದ್ದರು.

"ತೊಂಬತ್ತೈದು ಕಿಲೋ ಇದ್ದೇನೆ. ಇಂಥ ಲಂಗರು ನಿನಗೆ ಎಲ್ಲಿ ಸಿಗ್ತದೆ? ಯಲ್ಲಾ, ಎಳಿ."

ವೈರು ನೇರವಾಗಿ ಅವರ ಕಾಲಿನ ಕಡೆಗೇ ಹೋಗಿತ್ತು. ಗೋಣಿ ಹಿಡಿದುಕೊಂಡೇ ಕೂಗಿದೆ.

"ಹ್ವಾಯ್, ಅಲ್ಲಿಂದ ಬದಿಗೆ ಬನ್ನಿ. ನೀವ್ ಅಲ್ಲಿ ನಿಂತ್ರೆ ನಾನ್ ಸ್ವಿಚ್ ಒತ್ತುದಿಲ್ಲ. ಗಾಡಿ ಇಲ್ಲೇ ಸಾಯ್ಲಿ, ವೀಸಾ ಹೋಯ್ಲಿ."

ಅಷ್ಟು ಗಟ್ಟಿಯಾಗಿ ಅವರೊಂದಿಗೆ ಯಾರೂ ಮಾತಾಡಿರಲಿಕ್ಕಿಲ್ಲ. ನನ್ನ ಮುಖ ನೋಡಿದರು. ಇಳಿದು, ನಾನು ಕೈ ತೋರಿಸಿದಲ್ಲಿಗೆ, ದೂರಕ್ಕೆ ಹೋಗಿ ನಿಂತರು. ವೈರಿನ ಮೇಲೆ ಗೋಣಿ ಹೊದಿಸಿ, ಎಂಜಿನ್ ಚಾಲೂ ಇಟ್ಟು ವಿಂಚ್ ಒತ್ತಿದೆ. ಮರಳಿನೊಳಗೆ ಟೈರು ಒಂದು ಗೇಣು ಜರುಗಿತು. ಮತ್ತೆ ಕಚ್ಚಿ ನಿಂತಿತು. ಕ್ವಾಡ್ ಎದ್ದು ಬಂತು.

ಆಮೇಲೆ ಅವರು ಹಲಗೆಯ ಬದಿಯಲ್ಲೇ ನಡೆಯುತ್ತ, ಅಂಗೈ ಮೇಲೆ ಕೆಳಗೆ ಮಾಡಿ ತೋರಿಸಿದ ಹಾಗೆ ನಾನು ಎತ್ತಿಳಿಸಿ ಪದರ ತೆಗೆದೆ. ಮೊದಲ ಸುತ್ತಿನಲ್ಲಿ ಏನೂ ಕಾಣಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ದಾರಿಯ ಗಟ್ಟಿ ನೆಲ ಕಂಡಿತು. ಅತಿಥಿಗಳ ಗಾಡಿಗಳು ಬಂದವು. ಒಂದೂ ಹೂತುಹೋಗಲಿಲ್ಲ. ಅರಬಾಬ್ ಬಾಗಿಲಲ್ಲಿ ನಿಂತು ನೋಡಿ ಮಾಶಾಲ್ಲಾ ಎಂದರು, ನನಗಲ್ಲ, ದಾರಿಗೆ. ನಾವಿಬ್ಬರು ಕ್ವಾಡಿನ ನೆರಳಿನಲ್ಲಿ ಕುಳಿತು ತಣ್ಣಗಾದ ಬಿರಿಯಾನಿ ಉಂಡೆವು. ಅನ್ನದಲ್ಲಿ ಮರಳಿತ್ತು.

"ಬೋಟಿನ ಮೇಲೆ ನೀನು ಹೀಗೇ ಬೈತಿದ್ಯಾ?" ಎಂದು ಕೇಳಿದರು.

"ಬೈವವ್ರ್ ಕಡಿಮೆ ಇದ್ರೇ ಕೈ ಹೋಪುದ್, ಸಾಯ್ಬ್ರೆ."

ಆಮೇಲೆ ಏಳೆಂಟು ವರ್ಷ ಅವರ ಅಂಗಡಿ ನನ್ನ ನಿಲ್ದಾಣವಾಯಿತು. ವಿಂಚ್ ಕೊಳ್ಳಲು ಬಂದವರನ್ನು ನನ್ನೆದುರಿಗೇ ಪರೀಕ್ಷೆ ಮಾಡುತ್ತಿದ್ದರು. ಒಮ್ಮೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಿಂದ ಬಂದ ಒಬ್ಬ ವ್ಯಾಪಾರಿ ಇದ್ದ ಹಲಗೆಗಳನ್ನೆಲ್ಲ ಒಟ್ಟಿಗೆ ಕೇಳಿದಾಗ, "ನಿನ್ನ ಹತ್ತಿರ ಒಂದೂ ಗಾಡಿ ಇಲ್ಲ, ಇಷ್ಟು ಸೊಸೆಯರು ಯಾಕೆ?" ಎಂದು ವಾಪಸು ಕಳಿಸಿದರು. ಮಗ ಇಮ್ರಾನ್ ಸಿಲಿಕಾನ್ ಓಯಸಿಸ್‌ನಲ್ಲಿ ಆಫೀಸು ಮಾಡಿ ಅದೇ ಮಾಲನ್ನು ಫೋನಿನಲ್ಲೇ ಮಾರತೊಡಗಿದ. ಗಿರಾಕಿ ಒತ್ತುತ್ತಾನೆ, ಪಾರ್ಸೆಲ್ ಹೋಗುತ್ತದೆ. ಸಾಯ್ಬ್ರು ನನ್ನೆದುರು ಗೊಣಗುತ್ತಿದ್ದರು: "ಅಳಿಯನ ಮುಖ ನೋಡದೆ ಮಗಳನ್ನು ಪಾರ್ಸೆಲ್ ಮಾಡ್ತಾನೆ, ಮಾರಾಯ." ಆದರೆ ಮಗನ ವ್ಯಾಪಾರ ಚೆನ್ನಾಗಿ ಆಗುತ್ತಿದೆ ಎಂದು ಇಡೀ ಬೀದಿಗೆ ಹೇಳುತ್ತಿದ್ದವರೂ ಅವರೇ.

ನಿನ್ನದೇ ಲೈಸೆನ್ಸ್ ಮಾಡಿಸಿಕೋ ಎಂದು ಹಿಂದೆ ಬಿದ್ದವರೂ ಅವರು. ಅರ್ಜಿಯ ಮಾತು ಬಂದರೆ ನಾನು ಜಾರಿಕೊಳ್ಳುತ್ತಿದ್ದೆ. ಇಂಗ್ಲಿಷ್, ಅರಬಿ ಎರಡೂ ನನಗೆ ದೂರ. ಒಂದು ದಿನ ಅಂಗಡಿಗೆ ಬೀಗ ಹಾಕಿ ನನ್ನನ್ನು ಕರೆದುಕೊಂಡು ಹೋದರು. ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನ ಹುಡುಗಿ ವಿದ್ಯಾಭ್ಯಾಸ ಕೇಳಿದಾಗ ನಾನು ನೆಲ ನೋಡಿದೆ. ಸಾಯ್ಬ್ರು ಹಿಂದಿಯಲ್ಲಿ, "ಆಠವೀಂ ಲಿಖೋ, ಪೂರಾ ಸಚ್ ಲಿಖೋ", ಎಂಟನೇ ಕ್ಲಾಸೆಂದೇ, ಪೂರ್ತಿ ನಿಜವನ್ನೇ ಬರಿ, ಎಂದರು. ಹೊರಗೆ ಬಂದ ಮೇಲೆ ನನಗೆ ಹೇಳಿದರು: "ತಲೆ ಬಗ್ಗಿಸ್ಬೇಡ. ಅವಳು ಕೇಳಿದ್ದು ಎಷ್ಟು ಅಂತ. ಸಾಕಾ ಅಂತ ಕೇಳಲಿಲ್ಲ."

ಮೊಣಕಾಲು ಸೋತ ಮೇಲೆ ಅಂಗಡಿ ಮುಚ್ಚಿ ಅಬುಧಾಬಿಯ ಖಾಲಿದಿಯಾದಲ್ಲಿ ಮಗಳ ಮನೆಗೆ ಹೋದರು. ಕಳೆದ ಚಳಿಗಾಲದಲ್ಲಿ ನೋಡಲು ಹೋಗಿದ್ದೆ. ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು, ಮೈ ಅರ್ಧ ಇಳಿದಿತ್ತು. ಮೊಮ್ಮಗಳು ಬಂದು ಇಂಗ್ಲಿಷಿನಲ್ಲಿ, ಈ ಅಂಕಲ್ ಯಾರು ಎಂದು ಕೇಳಿದಳು. "ನನಗೆ ಬೈದವನು" ಎಂದು ಕನ್ನಡದಲ್ಲಿ ಹೇಳಿದರು. ಅವಳಿಗೆ ಅರ್ಥವಾಗಲಿಲ್ಲ, ಅವರು ಅರ್ಥ ಮಾಡಿಸಲಿಲ್ಲ. ಎದ್ದು ಬರುವಾಗ ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ. ಲಿಫ್ಟಿನವರೆಗೆ ಬರುತ್ತೇನೆ ಎಂದರು. ಬೇಡ ಎಂದೆ. ಬಂದರು.

ಬೇಸಿಗೆಯಲ್ಲಿ ಇಮ್ರಾನ್ ಫೋನ್ ಮಾಡಿದ. ಸಾಯ್ಬ್ರನ್ನು ಅಬುಧಾಬಿಯಲ್ಲೇ ಮಣ್ಣು ಮಾಡಿದರು. ನಾನು ಎಲ್ಲರ ಹಿಂದೆ, ಚಪ್ಪಲಿ ಬಿಟ್ಟು ನಿಂತಿದ್ದೆ. ನನ್ನ ಜಾಗ ಎಲ್ಲಿ ಎಂದು ಗೊತ್ತಿರಲಿಲ್ಲ. ಇಮ್ರಾನ್ ತಿರುಗಿ ನೋಡಿ, "ಅಂಕಲ್, ನೀವೂ ಮಣ್ಣು ಹಾಕಿ" ಎಂದ. ಹಾಕಿದೆ.

ಮರುದಿನ ಲಹಬಾಬಿಗೆ ಹೋದೆ. ಸೀಸನ್ ಇಲ್ಲದ ಕಾಲ, ದಾರಿ ಮುಚ್ಚಿದರೂ ಕೇಳುವವರಿಲ್ಲ. ಆದರೂ ಹಲಗೆ ಇಳಿಸಿ ಒಂದು ಸುತ್ತು ಹೊಡೆದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ನನ್ನ ಹೆಸರಿನ ಲೈಸೆನ್ಸ್ ಒಂದು. ಕ್ವಾಡ್ ನಾಲ್ಕು. ಹಲಗೆ ಮೂರು. ವಿಂಚ್ ಐದು, ಅದರಲ್ಲಿ ಒಂದು ಕೆಟ್ಟಿದೆ. ನೋಡಿಕೊಳ್ಳುವ ಕ್ಯಾಂಪಿನ ದಾರಿಗಳು ಆರು. ನನ್ನ ಲೈಸೆನ್ಸಿನ ಮೇಲೆ ವೀಸಾ ಇರುವ ಕೆಲಸಗಾರರು ಇಬ್ಬರು, ಒಬ್ಬ ಬೈಂದೂರಿನವ, ಇನ್ನೊಬ್ಬ ಭಟ್ಕಳದವ.