ಗೆಜ್ಜೆ ಕಟ್ಟಿದ ಉಲ್ಲನ್ ಚೀಲ

ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ತೊಟ್ಟಿಲಿಗೆ ಹಾಕುವ ದಿನ ಅವಳು ಕಿವಿ ಮುಚ್ಚುವ ಟೊಪ್ಪಿಗೆ, ಅಂದರೆ ಕುಂಚಿಗೆ ತಂದು ಕೂಸಿನ ತಲೆಗೆ ಕಟ್ಟಿ, ಕಿವಿಯಲ್ಲಿ ಹೆಸರು ಹೇಳಬೇಕು. ಹೇಳಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಧಬಧಬ ಗುದ್ದುತ್ತಾರೆ. ಯಾಕೆ ಗುದ್ದುತ್ತೀರಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, ಗುದ್ದುವುದನ್ನು ಮಾತ್ರ ಯಾರೂ ಮರೆಯುವುದಿಲ್ಲ.

ನನ್ನ ಅಣ್ಣನಿಗೆ ನಾನೊಬ್ಬಳೇ ತಂಗಿ. ಅವನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಅಷ್ಟೂ ವರ್ಷ ನಾನು ಊರವರ ಮನೆಯ ತೊಟ್ಟಿಲಿಗೆ ಹೋಗಿ, ಕಂಡವರ ಸೋದರತ್ತೆಯರ ಬೆನ್ನಿಗೆ ಗುದ್ದಿ, ಊಟ ಮಾಡಿ ಬರುತ್ತಿದ್ದೆ. ನನ್ನ ಬೆನ್ನಿಗೆ ಗುದ್ದು ಬೀಳುವುದು ಯಾವಾಗ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಹಾಗಾಗಿ ಕಡೆಗೂ ಬಸುರಿಯಾದ ಅತ್ತಿಗೆಯ ಕುಬಸದ ದಿನ ಹಿಗ್ಗು ತಡೆಯಲಾರದೆ, ಕುಂಚಿಗೆಯನ್ನು ನನ್ನ ಕೈಯಾರೆ ಹೆಣೆದು ತರುತ್ತೇನೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ.

ಅವ್ವ ಅಲ್ಲೇ ಇದ್ದಳು. "ನೀ ಹೆಣದು ಮುಗಸೂದ್ರಾಗ ಆ ಕೂಸಿನ ಮದುವಿ ಆಗಿರತೈತಿ. ಪ್ಯಾಟ್ಯಾಗಿಂದ ಒಂದು ತಂದಿಟ್ಟುಕೋ," ಎಂದಳು. ನನ್ನ ಟ್ರಂಕಿನಲ್ಲಿ ಒಂದೇ ತೋಳಿನ ಸ್ವೆಟರ್ ಒಂದು ಮಲಗಿರುವುದು ಅವಳಿಗೆ ಗೊತ್ತು. ಅದನ್ನೂ ಹೇಳಿ ಈಗ ಊರಿಗೆಲ್ಲ ಗೊತ್ತು ಮಾಡಿದಳು.

ನನ್ನ ಮನೆ ಬಸವನ ಬಾಗೇವಾಡಿಯಲ್ಲಿ, ನಾನು ಕಲಿಸುವ ಶಾಲೆ ಹೂವಿನ ಹಿಪ್ಪರಗಿಯಲ್ಲಿ. ಮನೆಯಲ್ಲಿ ಕೈ ಬಿಡುವಾಗುವುದಿಲ್ಲ, ಶಾಲೆಯಲ್ಲಿ ಬಾಯಿ ಬಿಡುವಾಗುವುದಿಲ್ಲ. ಹೆಣೆಯುವುದಾದರೆ ಬಸ್ಸಿನಲ್ಲೇ ಹೆಣೆಯಬೇಕು. ಆದರೆ ನಮ್ಮ ರಸ್ತೆಗೂ ಉಲ್ಲನ್ ಉಂಡೆಗೂ ಆಗಿಬರುವುದಿಲ್ಲ. ಉಂಡೆ ಮಡಿಲಿನಿಂದ ಜಿಗಿದು ಸೀಟುಗಳ ಕೆಳಗೆ ಹೊರಟುಬಿಡುತ್ತಿತ್ತು. ಒಂದು ದಿನ ಅದರ ಎಳೆ ಯಾರದೋ ಕಾಲಿಗೆ ಸುತ್ತಿಕೊಂಡಿತು. ಆ ಮನುಷ್ಯ ತನ್ನ ಸ್ಟಾಪಿನಲ್ಲಿ ಇಳಿದು ಹೊಲದ ಕಡೆ ನಡೆದೇಬಿಟ್ಟ. ಕಂಡಕ್ಟರ್ ಸೀಟಿ ಊದಿ ಕೂಗಿದ: "ಹೋಲ್ಡಾನ್! ಅಕ್ಕೋರ ದಾರ ಇಳದು ಹೊಂಟೈತಿ!"

ಅವನೇ ಉಂಡೆ ಹಿಡಿದು ತಂದು ಅದನ್ನು ತನ್ನ ಹೆಗಲಿನ ತೊಗಲಿನ ಚೀಲದಲ್ಲಿ ಹಾಕಿಕೊಂಡ. ಏನು ಹೇಳಲಿ, ಎಳೆ ಸರಾಗವಾಗಿ ಬರತೊಡಗಿತು, ಗಂಟಿಲ್ಲ, ಜಗ್ಗಾಟವಿಲ್ಲ. ತೊಂದರೆ ಒಂದೇ, ಚೀಲಕ್ಕೆ ಟಿಕೆಟ್ ಕೊಡುವ ಕೆಲಸವೂ ಇತ್ತು. ಅವನು ಹಿಂದಿನ ಸೀಟಿಗೆ ಹೋದರೆ ನಾನೂ ಸೂಜಿ ಹಿಡಿದು ಹಿಂದೆ ತಿರುಗಬೇಕು, ಮುಂದೆ ಬಂದರೆ ಮುಂದೆ. ಇಂಥದ್ದೇ ಚೀಲ ನನಗೂ ಬೇಕು, ಆದರೆ ತಿರುಗಾಡದ್ದು ಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ನಮ್ಮ ಪೇಟೆಯಲ್ಲಿ ಎತ್ತಿನ ಕೊರಳಪಟ್ಟಿ, ಬಾರುಕೋಲು ಮಾಡುವ ಕಾಕಾ ಒಬ್ಬರಿದ್ದಾರೆ. ಚೀಲವನ್ನು ಮುಂಗೈಗೆ ಪಟ್ಟಿಯಿಂದ ಕಟ್ಟಿಕೊಳ್ಳುವ ಯೋಚನೆ ನನ್ನದು, ಹೋಗಿ ಮೊದಲು ಪಟ್ಟಿ ಬೇಕೆಂದೆ.

"ಎತ್ತು ಕಿಲಾರಿ ತಳಿದೇನ್ರಿ?" ಎಂದರು.

"ಎತ್ತಿಗಲ್ಲ ಕಾಕಾ, ನನಗ," ಎಂದೆ. ಅವರು ಕನ್ನಡಕ ಮೇಲೇರಿಸಿ ನನ್ನ ಕೊರಳು ನೋಡಿದರು. ನಾನು ಅವಸರದಿಂದ ಮುಂಗೈ ಚಾಚಿದೆ.

ಅವರಿಗೆ ತಿಳಿಸಿ ಹೇಳುವುದರೊಳಗೆ ಎರಡು ಕಪ್ ಚಹಾ ಆಯಿತು. ತೊಗಲನ್ನು ನೀರಲ್ಲಿ ನೆನೆಸಿ, ತಂಬಿಗೆಯ ತಳಕ್ಕೆ ಎಳೆದು ಕಟ್ಟಿ ಒಣಗಲು ಇಟ್ಟರು. ಮರುದಿನ ನೋಡಿದರೆ ತೊಗಲು ಬಟ್ಟಲಿನ ಆಕಾರಕ್ಕೆ ಬಂದಿತ್ತು. ಮುಂಗೈಗೆ ಹಾಕಿಕೊಳ್ಳಲು ಪಟ್ಟಿ, ಮೇಲೆ ಮುಚ್ಚಳ, ಮುಚ್ಚಳದ ನಡುವೆ ಎಳೆ ಬರಲು ತೂತು. ಹೊಲಿಗೆಯ ಒಂದು ಬದಿಯನ್ನು ನಾನೇ ಹಾಕುತ್ತೇನೆಂದು ದಬ್ಬಳ ಇಸಿದುಕೊಂಡೆ. ಹಾಕಿ ಮುಗಿಸಿದಾಗ ಕಾಕಾ ಆ ಬದಿಯನ್ನು ಕೆಳಗೆ ಮಾಡಿ ಇಟ್ಟರು. ಆಮೇಲೆ ತೂತಿನ ಸರದಿ. ಉಲ್ಲನ್ ಎಳೆದು ನೋಡುತ್ತಿದ್ದೆ, ಅದು ಅಂಚಿಗೆ ಸಿಕ್ಕುತ್ತಿತ್ತು. ಅವರು ಮೇಣ ಸವರಿ ಕಡ್ಡಿಯಿಂದ ತಿಕ್ಕುತ್ತಿದ್ದರು. ಇನ್ನೊಂದೀಟು ತಿಕ್ಕರಿ, ಇನ್ನೊಂದೀಟು ಎಂದು ನಾನು ಅವರ ಜೀವ ತಿಂದೆ.

"ಯಾತಕ್ರಿ ಅಕ್ಕೋರ ಇಷ್ಟು ಕಾಳಜಿ?" ಎಂದು ಕಡೆಗೆ ಕೇಳಿದರು.

ಅಣ್ಣ, ಅತ್ತಿಗೆ, ಕೂಸು, ಕುಂಚಿಗೆ ಎಲ್ಲ ಹೇಳಿದೆ. ಕಾಕಾ ಕೆಲಸ ನಿಲ್ಲಿಸಿ ಕೇಳಿದರು. ನಾಳೆ ಬರ್ರಿ, ಉಳಿದದ್ದು ನನಗ ಬಿಡ್ರಿ ಎಂದರು. ಹೇಳದಿದ್ದರೆ ಚೆನ್ನಾಗಿತ್ತು ಎಂದು ಮರುದಿನ ಅನ್ನಿಸಿತು. ಚೀಲದ ಸುತ್ತ ಹಿತ್ತಾಳೆಯ ಗೆಜ್ಜೆ ಕಟ್ಟಿದ್ದರು, ಕೆಳಗೆ ಕೆಂಪು ಗೊಂಡೆ ಇಳಿಬಿಟ್ಟಿದ್ದರು.

"ಕಾಕಾ, ಇದೇನ್ರಿ? ನಾ ಬಸ್ಸಿನ್ಯಾಗ ಹಿಡಕೊಂಡು ಕೂಡ್ರೂದ್ರಿ!"

"ಶುಭ ಕಾರ್ಯೇಕ ಬೋಳು ಪಟ್ಟಿ ಕೊಟ್ಟು ಕಳಸಲೇನ್ರಿ?" ಎಂದು ಅವರೇ ನನ್ನನ್ನು ಗದರಿದರು. ಅಷ್ಟು ಪ್ರೀತಿಯಿಂದ ಕಟ್ಟಿದ್ದನ್ನು ಬಿಚ್ಚಿಸಲು ಮನಸ್ಸಾಗದೆ ದುಡ್ಡು ಕೊಟ್ಟು ಬಂದೆ.

ಮರುದಿನ ಬಸ್ಸಿನಲ್ಲಿ ಮೊದಲ ಕುಣಿಕೆ ಹಾಕಿದೆ, ಘಲ್ ಎಂದಿತು. ಎರಡನೆಯದು ಹಾಕಿದೆ, ಘಲ್. ಪಕ್ಕದಲ್ಲಿ ಎತ್ತಿನ ಚಕ್ಕಡಿ ಬಂತೆಂದು ಡ್ರೈವರ್ ಹಾರ್ನ್ ಹೊಡೆದ. ಕಿಟಕಿ ಪಕ್ಕದ ಹಿರಿಯರೊಬ್ಬರು ತಲೆ ಹೊರಹಾಕಿ ಯಾರ ಎತ್ತೆಂದು ಹುಡುಕಿದರು. ನಾಚಿಕೆಯಿಂದ ಸೂಜಿ ಒಳಗಿಟ್ಟು ಕಣ್ಣು ಮುಚ್ಚಿದೆ. ಕೂಡಲೇ ಹಿಂದಿನ ಸೀಟಿನಿಂದ ಪ್ರಶ್ನೆ ಬಂತು: "ಯಾಕ್ರಿ ಅಕ್ಕೋರ, ಗಾಡಿ ನಿಂತಿತು?" ದಿನಾ ಬಳೆಯ ಬುಟ್ಟಿ ಹೊತ್ತು ಹಿಪ್ಪರಗಿಗೆ ಬರುವ ಬಳೆಗಾರ್ತಿ ಅವಳು. ಅವಳಿಗೆ ಕುಂಚಿಗೆಯ ಕಥೆ ಹೇಳಬೇಕಾಯಿತು. ಅವಳಿಗೆ ಹೇಳಿದ್ದು ಸಂಜೆಯ ಹೊತ್ತಿಗೆ ಇಡೀ ಬಸ್ಸಿಗೆ ಗೊತ್ತಾಗಿತ್ತು.

ಅಲ್ಲಿಂದ ನನ್ನ ನಿದ್ದೆ ಹೋಯಿತು. ಮೊದಲು ನಾನು ಎರಡು ಸಾಲು ಹೆಣೆದು ಉಳಿದ ದಾರಿಯೆಲ್ಲ ತೂಕಡಿಸುವವಳು. ಈಗ ಗೆಜ್ಜೆ ನಿಂತರೆ ಸಾಕು, ಹಿಂದಿನಿಂದ ಬಳೆಗಾರ್ತಿ, ಮುಂದಿನಿಂದ ಕಂಡಕ್ಟರ್. "ಕೂಸು ಹುಟ್ಟಾಕ ಬಂದೈತಿ, ಕೈ ಹೂಡ್ರಿ," ಎನ್ನುತ್ತಿದ್ದರು. ನನ್ನ ನೌಕರಿಯಲ್ಲಿ ಯಾವ ಸಾಹೇಬರೂ ನನ್ನನ್ನು ಹೀಗೆ ದುಡಿಸಿಕೊಂಡಿಲ್ಲ. ಸಿಟ್ಟು ಬರುತ್ತಿತ್ತು, ಆದರೆ ಕುಂಚಿಗೆಯೂ ಬೆಳೆಯುತ್ತಿತ್ತು. ಗಂಡು ಕೂಸು ಹುಟ್ಟಿತೆಂದು ಫೋನ್ ಬಂದಾಗ ಕುಂಚಿಗೆಗೆ ಕಟ್ಟುವ ದಾರವಷ್ಟೇ ಉಳಿದಿತ್ತು.

ತೊಟ್ಟಿಲ ಕಾರ್ಯ ಅತ್ತಿಗೆಯ ತವರು ಮುದ್ದೇಬಿಹಾಳದಲ್ಲಿ. ಅವ್ವ ಕುಂಚಿಗೆಯನ್ನು ತಿರುವಿ ಮುರುವಿ ನೋಡಿ, ಎರಡೂ ಕಿವಿ ಇವೆಯೆಂದು ಖಾತ್ರಿ ಮಾಡಿಕೊಂಡು ನನ್ನ ಕೈಗಿತ್ತಳು. ಕೂಸಿನ ತಲೆಗೆ ಕಟ್ಟಿದೆ. ಕೂಸು ಮನೆಯ ಹಂಚು ಹಾರುವಂತೆ ಕಿರುಚಿತು. ಯಾರೋ ಸೆಕೆ ಎಂದರು, ಯಾರೋ ಉಲ್ಲನ್ ಚುಚ್ಚುತ್ತದೆ ಎಂದರು, ಬಿಚ್ಚಿ ಪೇಟೆಯದನ್ನು ಹಾಕಿ ಎಂದರು. ಇಷ್ಟು ವರ್ಷ ಕಾದ ಗಳಿಗೆ ನನ್ನ ಕೈಯಲ್ಲೇ ಕೆಟ್ಟಿತಲ್ಲ ಎಂದು ನನಗೆ ಅಳುವೇ ಬಂತು. ಕಣ್ಣೊರೆಸಲು ಕೈ ಎತ್ತಿದೆ. ಮುಂಗೈಯಲ್ಲಿ ಚೀಲ ಹಾಗೆಯೇ ಇತ್ತು, ಬರುವಾಗ ಬಸ್ಸಿನಲ್ಲಿ ಕಟ್ಟುವ ದಾರ ಹೆಣೆದು ಮುಗಿಸಿದವಳು ರೂಢಿಯಾಗಿ ತೆಗೆಯುವುದನ್ನೇ ಮರೆತಿದ್ದೆ. ಘಲ್ ಎಂದಿತು.

ಕೂಸು ಅಳು ನಿಲ್ಲಿಸಿ ಬಾಯಿ ತೆರೆದುಕೊಂಡೇ ಕೇಳಿತು. ನಾನು ಒಂದು ಕೈಯಿಂದ ಗೆಜ್ಜೆ ಅಲ್ಲಾಡಿಸುತ್ತ, ಬಾಗಿ ಅದರ ಕಿವಿಯಲ್ಲಿ ಹೆಸರು ಹೇಳಿದೆ. ಬೆನ್ನ ಮೇಲೆ ಗುದ್ದುಗಳು ಬಿದ್ದವು. ಅಷ್ಟು ಸುಖದ ಏಟು ನಾನು ಜನ್ಮದಲ್ಲಿ ತಿಂದಿರಲಿಲ್ಲ.

ಅತ್ತಿಗೆ ಚೀಲವನ್ನು ತೊಟ್ಟಿಲಿಗೆ ಕಟ್ಟಲು ಹೋದಾಗ ಹಿರಿಯಳೊಬ್ಬಳು ತೊಗಲು ಎಂದು ಮೂಗು ಮುರಿದಳು. ಅವ್ವ ಬಿಡಲಿಲ್ಲ. "ಎತ್ತಿನ ಗೆಜ್ಜಿ ಅಂದ್ರ ಬಸವಣ್ಣನ ಗೆಜ್ಜಿ. ಕಟ್ಟು ನೀ," ಎಂದಳು.

ಸೋಮವಾರ ಬರಿಗೈಯಲ್ಲಿ ಬಸ್ ಹತ್ತಿದೆ. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು, "ಗೆಜ್ಜಿ ಎಲ್ಲಿ ಬಿಟ್ಟು ಬಂದ್ರಿ?" ಎಂದ. ತೊಟ್ಟಿಲಿಗೆ ಕಟ್ಟಿ ಬಂದೆ ಎಂದೆ.

"ಹೆಸರೇನಿಟ್ರಿ?" ಎಂದು ಹಿಂದಿನಿಂದ ಬಳೆಗಾರ್ತಿ ಕೇಳಿದಳು.

ಹೇಳಿದೆ. ಹೇಳಿ ಬಾಯಿ ಮುಚ್ಚಿರಲಿಲ್ಲ, ಬೆನ್ನಿಗೆ ಧಪ್ಪೆಂದು ಬಿತ್ತು.

"ಇಷ್ಟು ದಿನಾ ಕೂತು ಹೆಣಿಸೇವಿ. ನಮ್ಮ ಗುದ್ದು ನಮಗ ಬ್ಯಾಡೇನ್ರಿ?" ಎಂದಳು. ಅಷ್ಟರಲ್ಲಿ ಬಸ್ಸಿನ ಹೆಂಗಸರೆಲ್ಲ ಎದ್ದು ನಿಂತಿದ್ದರು. ಕಂಡಕ್ಟರ್ ಸೀಟಿ ಊದಿ, ಹೋಲ್ಡಾನ್ ಎಂದು ಬಸ್ ನಿಲ್ಲಿಸಿ, ಎಲ್ಲರನ್ನೂ ಸಾಲಾಗಿ ಬಿಟ್ಟ. ಆ ದಿನ ಬೋರ್ಡಿನ ಮೇಲೆ ಬರೆಯಲು ನನಗೆ ಕೈ ಏಳಲಿಲ್ಲ, ಮಕ್ಕಳಿಂದ ಸಂಜೆಯವರೆಗೂ ಮಗ್ಗಿ ಹೇಳಿಸಿದೆ.