ಭಂಕೂರದವನ ತೊಡೆಯ ಗಂಟು

ನಿಜಾಮರ ಕಾಲ. ಶಹಾಬಾದಿನ ಸಣ್ಣ ದವಾಖಾನೆಯೊಂದರಲ್ಲಿ ನಾನು ಡಾಕ್ಟರನಾಗಿದ್ದೆ. ನನ್ನ ಸಿಟ್ಟು ಊರಿಗೆಲ್ಲ ಗೊತ್ತಿತ್ತು. ಎಲುಬು ಕಟ್ಟುವ ನಾಟಿ ವೈದ್ಯರ ಹತ್ತಿರ ಹೋಗಿ ಬಂದವರನ್ನು ಕಂಡರಂತೂ ಮೈ ಉರಿಯುತ್ತಿತ್ತು. ಬೈದು ಬೈದು ಜನರನ್ನು ತಿದ್ದಿಬಿಟ್ಟೆ ಎಂದು ಬೀಗುತ್ತಿದ್ದೆ.

ಭಂಕೂರದ ಕಲ್ಲುಗಣಿಯ ಕೆಲಸಗಾರನೊಬ್ಬ ಹೆಂಡತಿಯ ಹೆಗಲು ಹಿಡಿದು ಕುಂಟುತ್ತ ಬಂದ. ತೊಡೆಯಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಂಟು, ಮುಟ್ಟಿದರೆ ಬಿಸಿ. ಎದ್ದು ಮೂರೇ ವಾರವಾಗಿತ್ತಂತೆ.

"ಪೆಟ್ಟು ಹತ್ತಿತ್ತೇನೋ?" ಎಂದು ಗದರಿಸಿ ಕೇಳಿದೆ.

"ಇಲ್ರಿ ಸಾಹೇಬ್ರೆ, ತಾನೇ ಎದ್ದದ."

ಗಂಟಿನಿಂದ ಒಂದು ಚೂರು ಕೊಯ್ದು, ಸೀಸೆಯಲ್ಲಿಟ್ಟು ಹೈದರಾಬಾದಿಗೆ ಕಳಿಸಿದೆ. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ಇಂಥವನ್ನು ಪರೀಕ್ಷಿಸುವ ಹಿರಿಯ ಡಾಕ್ಟರರಿದ್ದರು. ಜೊತೆಗಿಟ್ಟ ಚೀಟಿಯಲ್ಲಿ 'ಪೆಟ್ಟು ಬಿದ್ದಿಲ್ಲ' ಎಂದು ಬರೆದು ಕೆಳಗೊಂದು ಗೆರೆ ಬೇರೆ ಎಳೆದೆ. ಎಲುಬಿನ ಕ್ಯಾನ್ಸರ್, ಕಾಲು ತೆಗೆಯಬೇಕು, ತಡ ಬೇಡ ಎಂದು ಉತ್ತರ ಬಂತು.

ಅವನನ್ನು ಹೈದರಾಬಾದಿನ ರೈಲಿಗೆ ಹತ್ತಿಸುವ ದಿನ, ದವಾಖಾನೆಯ ಬಾಗಿಲಲ್ಲೇ ಹೆಂಡತಿ ಗಂಡನ ಮೇಲೆ ಹರಿಹಾಯ್ದಳು.

"ಈಗರ ಬಾಯಿ ಬಿಡ್ರಿ! ಸಾಹೇಬ್ರೆ, ತೊಡಿ ಮ್ಯಾಲ ಫರ್ಸಿಕಲ್ಲು ಬಿದ್ದಿತ್ರಿ. ಎಲುಬು ಕಟ್ಟಾವ ದಿನಾ ಎಣ್ಣಿ ಹಚ್ಚಿ ಭಾಳ ಜೋರ್ಲೆ ತಿಕ್ಕ್ಯಾನ್ರಿ. ನೀವು ಬೈತೀರಿ ಅಂತ ಅಂಜಿ ಹೇಳಿಲ್ರಿ."

ಜಜ್ಜಿದ ಮಾಂಸವನ್ನು ಹಾಗೆ ತಿಕ್ಕಿದರೆ ಅದರೊಳಗೇ ಹೊಸ ಎಲುಬು ಹುಟ್ಟುವುದುಂಟು. ಅದರ ಎಳೆಯ ಚೂರು ಸೂಕ್ಷ್ಮದರ್ಶಕದಡಿ ಕ್ಯಾನ್ಸರಿನಂತೆಯೇ ಕಾಣುತ್ತದೆ. ಅವನನ್ನು ರೈಲಿಗೆ ಹತ್ತಿಸದೆ, ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. 'ಹಾಗಿದ್ದರೆ ಒಂದು ತಿಂಗಳು ಕಾಯಿರಿ, ಯಾರೂ ತಿಕ್ಕದಂತೆ ನೋಡಿಕೊಳ್ಳಿ. ಗಂಟು ಬೆಳೆದರೆ ಕಾಲು ತೆಗೆಯಲೇಬೇಕು' ಎಂದು ಹೈದರಾಬಾದಿನ ಹಿರಿಯ ಡಾಕ್ಟರರು ಬರೆದರು.

ಆ ತಿಂಗಳು ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನಿಜವಾಗಿ ಕ್ಯಾನ್ಸರೇ ಆಗಿದ್ದರೆ, ಕಾದ ಒಂದೊಂದು ದಿನವೂ ಅವನ ಜೀವಕ್ಕೇ ಕುತ್ತು. ದಿನ ಬಿಟ್ಟು ದಿನ ಟಾಂಗಾದಲ್ಲಿ ಭಂಕೂರಕ್ಕೆ ಹೋಗಿ ದಾರದಿಂದ ತೊಡೆ ಅಳೆಯುತ್ತಿದ್ದೆ. ಕುದುರೆ ನಿಧಾನವೆಂದು ಟಾಂಗಾದವನಿಗೆ ಬೈಯುತ್ತಿದ್ದೆ. ನಾಲ್ಕನೆಯ ವಾರ ಗಂಟು ಗಟ್ಟಿಯಾಗಿತ್ತು, ನೋವಿರಲಿಲ್ಲ. ಮೊದಲ ದಿನ ಅಳೆದ ದಾರ ಬೆರಳಗಲ ಮಿಕ್ಕಿತು. ಗಂಟು ಇಳಿದಿತ್ತು, ಕಾಲು ಉಳಿಯಿತು.

ಹೆಂಡತಿ ಅಳುತ್ತ ನನ್ನ ಕಾಲಿಗೆ ಬಿದ್ದಳು. ನನಗೆ ನಾಚಿಕೆಯಾಗಿ ಹಿಂದೆ ಸರಿದೆ. ಎರಡು ವರ್ಷದ ಹಿಂದೆ ಇಂಥದೇ ಗಂಟು ಹೊತ್ತು ದಂಡೋತಿಯಿಂದ ಬಂದಿದ್ದ ಹೆಂಗಸು ಕಣ್ಣ ಮುಂದೆ ಬಂದಳು. ಅವಳನ್ನೂ ಹೀಗೇ ಗದರಿಸಿ ಕೇಳಿದ್ದೆ. ಪೆಟ್ಟೇನೂ ಬಿದ್ದಿಲ್ಲವೆಂದು ತಲೆಯಾಡಿಸಿದ್ದಳು. ಅವಳ ಕಾಲು ತೆಗೆಸಿದ್ದೆ.