ಉತ್ತರಕ್ಕೆ ಕಾಲು ಚಾಚಿ ಮಲಗಿದ ಅಪ್ಪ

ನನ್ನ ಕೆಲಸವೇ ಸೊಟ್ಟ ಹಿಡಿಯುವುದು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಚೆಕಿಂಗ್‌ನಲ್ಲಿದ್ದೇನೆ. ಕೂದಲೆಳೆಯಷ್ಟು ಓರೆಯಿದ್ದರೂ ಪೀಸನ್ನು ವಾಪಸ್ ಕಳಿಸುವವಳು. ಅಂಥವಳಿಗೆ ಅಪ್ಪನ ಸಮಾಧಿ ದಿಕ್ಕು ತಪ್ಪಿರುವುದು ಕಂಡದ್ದು ಮಣ್ಣಾದ ಮೂರನೆಯ ದಿನ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ನಮ್ಮ ಕ್ರೈಸ್ತ ಸಭೆಯವರು ಹೂಳುವಾಗ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇಡುತ್ತಾರೆ. ಕರ್ತನು ಪೂರ್ವದಿಂದ ಬರುವ ದಿನ ಸತ್ತವರು ಮೈಯೊಂದಿಗೇ ಎದ್ದು ನಿಲ್ಲುತ್ತಾರೆ, ಎದ್ದ ಕೂಡಲೇ ಎದುರಿಗೆ ಅವನ ಮುಖವೇ ಕಾಣಬೇಕು ಎಂಬ ನಂಬಿಕೆ. ಅಪ್ಪನ ಗುಂಡಿ ತೋಡಿದವರು ಚಿಕ್ಕಪ್ಪ. ಅಪ್ಪ ಮದುವೆಯಾದಾಗ ಅಮ್ಮನ ಸಭೆ ಸೇರಿದವರು. ಚಿಕ್ಕಪ್ಪ ಮನೆದೇವರನ್ನು ಬಿಟ್ಟವರಲ್ಲ. ಆದರೂ "ನಮ್ಮಣ್ಣನ ಗುಂಡಿಗೆ ಕೂಲಿಯಾಳ್ ಯಾಕೆ" ಎಂದು ಮುಂಜಾನೆಯೇ ಗುದ್ದಲಿ ಹಿಡಿದು ಹೋಗಿ ಒಬ್ಬರೇ ಅಗೆದರು. ಬೇರಿಕೆ ಊರಿನ ಹತ್ತಿರದ ನಮ್ಮ ಸ್ಮಶಾನಕ್ಕೆ ಹೊಸದಾಗಿ ಸೇರಿಸಿದ್ದ ಜಾಗ ಅದು, ನೋಡಿಕೊಳ್ಳಲು ಪಕ್ಕದಲ್ಲಿ ಇನ್ನೊಂದು ಸಮಾಧಿ ಇರಲಿಲ್ಲ. ತಾತನನ್ನು ಹೊಲದಲ್ಲಿ ಮಲಗಿಸಿದ್ದ ಹಾಗೆಯೇ ಅಣ್ಣನಿಗೂ ದಕ್ಷಿಣಕ್ಕೆ ತಲೆ ಬರುವಂತೆ ತೋಡಿಬಿಟ್ಟರು. ಮಣ್ಣಿನ ದಿನ ಮೋಡ ಕವಿದಿತ್ತು, ಅಳುವಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಶಿಲುಬೆ ನೆಡಲು ಹೋದ ಬೆಳಿಗ್ಗೆ ನೋಡಿದರೆ ಸೂರ್ಯ ಕಾಲಿನ ಕಡೆಯಿಂದಲ್ಲ, ಸಮಾಧಿಯ ಪಕ್ಕದಿಂದ ಹುಟ್ಟುತ್ತಿದ್ದಾನೆ.

ನಾನು ಚಿಕ್ಕಪ್ಪನ ಮೇಲೆ ಹರಿಹಾಯ್ದೆ. "ಗೊತ್ತಾಗ್ಲಿಲ್ಲ ಕಣವ್ವ, ನಮ್ಮಪ್ಪುನ್ನ ಹಂಗೇ ಮಲಗ್ಸಿದ್ದು" ಎಂದಷ್ಟೇ ಹೇಳಿ ಅವರು ತಲೆ ತಗ್ಗಿಸಿದರು. ಶಿಲುಬೆಯನ್ನು ನೆಡದೆ ಸ್ಮಶಾನದ ಗೋಡೆಗೆ ಒರಗಿಸಿ ಬಂದೆವು. ಅಂದಿನಿಂದ ಚಿಕ್ಕಪ್ಪ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಪಾದ್ರಿಗಳು ದೇವರಿಗೆ ದಿಕ್ಕಿನ ಹಂಗಿಲ್ಲ ಎಂದರು. ಆ ಸಮಾಧಾನ ನನಗೆ ಬೇಕಿರಲಿಲ್ಲ. ಪೆಟ್ಟಿಗೆ ಎತ್ತಿ ತಿರುಗಿಸಬೇಕು ಎಂದು ಹಟ ಹಿಡಿದೆ. ಅಮ್ಮನಿಗೆ ಊಟ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ಕೇಳಿದರು: "ಎಲ್ರೂ ಆತನ ಮುಖ ನೋಡ್ಕೊಂಡ್ ಎದ್ರೆ, ನಿಮ್ಮಪ್ಪ ಒಬ್ರೇ ಉತ್ತರದ್ ಬೆಟ್ಟ ನೋಡ್ಕೊಂಡ್ ನಿಂತಿರ್ತಾರೇನೇ?" ಈಸ್ಟರ್ ಕಳೆದ ಮೇಲೆ ಅಗೆಯುವುದೆಂದು ತೀರ್ಮಾನಿಸಿ ಚಿಕ್ಕಪ್ಪನಿಗೂ ಹೇಳಿ ಕಳಿಸಿದೆವು.

ಈಸ್ಟರ್ ಮುಂಜಾನೆ ಸಭೆಯವರೆಲ್ಲ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚಿ ಹಾಡುತ್ತಿದ್ದೆವು. ಚಿಕ್ಕಪ್ಪ ಬಂದರು. ಒಂದು ಕೈಯಲ್ಲಿ ತಮ್ಮ ತೋಟದ ಗುಲಾಬಿ, ಇನ್ನೊಂದರಲ್ಲಿ ಗುದ್ದಲಿ.

"ಅತ್ಗೆ, ತಪ್ಪು ನಂದು. ಹಾಡು ಮುಗೀಲಿ, ಇವತ್ತೇ ಅಗ್ದು ನಾನೇ ಸರಿಮಾಡ್ತೀನಿ."

ಅಮ್ಮ ಗುದ್ದಲಿಯನ್ನು ನೋಡಿದರು, ಸಮಾಧಿಯನ್ನು ನೋಡಿದರು. ಪೂರ್ವ ಕೆಂಪಗಾಗುತ್ತಿತ್ತು. ಐದು ವಾರದ ಮೇಲೆ ಮೊದಲ ಸಲ ಅವರ ಮುಖದಲ್ಲಿ ನಗು ಕಂಡೆ.

"ನಿಮ್ಮಣ್ಣ ದಿನಾ ಗೋಡೆ ಕಡೆ ತಿರುಗಿ ಮಲಗ್ತಿದ್ರು ಕಣಪ್ಪ. ಹೊತ್ತಾರೆ ನಾನ್ ಒಂದ್ಸಲ ಕೂಗಿದ್ರೆ ಸಾಕು, ಎದ್ದು ಈ ಕಡೆ ತಿರುಗೋರು. ನಾನ್ ಕೂಗಿದ್ರೇ ತಿರುಗ್ತಿದ್ದೋರು, ಸ್ವಾಮಿ ಕೂಗಿದ್ರೆ ತಿರುಗಲ್ವಾ? ಇಷ್ಟ್ ದಿನ ಇದ್ ನಂಗೆ ಹೊಳೀಲಿಲ್ಲ ನೋಡು. ಅಗಿಯೋದ್ ಬೇಡ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಚಿಕ್ಕಪ್ಪ ಮಾತ್ರ ಗುದ್ದಲಿ ಕೆಳಗಿಡದೆ ನಿಂತೇ ಇದ್ದರು. ಅಮ್ಮ ಬಿಡಲಿಲ್ಲ.

"ಆದ್ರೆ ಎದ್ದಮೇಲೆ ನಿನ್ನ ಸುಮ್ಕೆ ಬಿಡಲ್ಲ. ಯಾವನ್ಲಾ ನನ್ನ ಹಿಂಗ್ ಅಡ್ಡ ಮಲಗ್ಸಿದ್ದು ಅಂತ ಕೇಳೇ ಕೇಳ್ತಾರೆ."

ಚಿಕ್ಕಪ್ಪನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಕೇಳ್ಲಿ ಅತ್ಗೆ. ಎದ್ದು ಬಂದು ಕೇಳ್ಲಿ. ಬೈಸ್ಕೊಳ್ಳಾಕೆ ನಾನ್ ಇಲ್ಲೇ ನಿಂತಿರ್ತೀನಿ."

ಗೋಡೆಗೆ ಒರಗಿದ್ದ ಶಿಲುಬೆಯನ್ನು ನಾನೇ ಹೊತ್ತು ತಂದೆ. ಅಪ್ಪನ ತಲೆಯ ಬಳಿ, ದಕ್ಷಿಣದಲ್ಲಿಯೇ, ಚಿಕ್ಕಪ್ಪ ಅದೇ ಗುದ್ದಲಿಯಿಂದ ಅದಕ್ಕೆ ಕುಳಿ ತೋಡಿದರು.